ಆಟಕ್ಕುಂಟು, ಲೆಕ್ಕಕ್ಕೂ ಉಂಟು

"ಆಟ ತಾನೇ?" ಆನ್‌ಲೈನ್ ಆಟಗಳ ಬಗ್ಗೆ ಎಲ್ಲೇ ಜಗಳ ಹತ್ತಿಕೊಳ್ಳಲಿ, ಕೊನೆಗೆ ಈ ಎರಡು ಪದ ಬಂದೇ ಬರುತ್ತವೆ. ಮೋಸ ಮಾಡಿದವನು "ಆಟ ತಾನೇ, ಯಾಕೆ ಇಷ್ಟೊಂದು ಅಳ್ತೀಯ" ಅನ್ನುತ್ತಾನೆ. ಮೋಸಹೋದವನೂ "ಆಟ ತಾನೇ, ಇಲ್ಲೂ ಹೀಗೇನಾ" ಅನ್ನುತ್ತಾನೆ. ಮಾತು ಒಂದೇ. ಒಬ್ಬ ಅದನ್ನು ತಪ್ಪಿಸಿಕೊಳ್ಳುವ ಬಾಗಿಲಾಗಿ ಬಳಸುತ್ತಾನೆ, ಇನ್ನೊಬ್ಬ ದೂರಾಗಿ ಬಳಸುತ್ತಾನೆ. ನೀತಿಶಾಸ್ತ್ರ ಓದುವ ವಿದ್ಯಾರ್ಥಿಗೆ ಇಷ್ಟು ಚಿಕ್ಕ ಮಾತು ಇಷ್ಟು ದಿನ ತಲೆ ತಿನ್ನಬಾರದು. ಆದರೂ ತಿನ್ನುತ್ತಿದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ, ಆದರೆ ಇದಕ್ಕಿಂತ ಎಷ್ಟೋ ನ್ಯಾಯವಾದ ಒಂದು ಮಾತಿದೆ: ಆಟಕ್ಕುಂಟು ಲೆಕ್ಕಕ್ಕಿಲ್ಲ. ಲಗೋರಿಗೋ ಕಣ್ಣಾಮುಚ್ಚಾಲೆಗೋ ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುವಾಗ ಹೇಳುವ ಮಾತು ಅದು. ಅವನೂ ಓಡುತ್ತಾನೆ, ಅವನಿಗೂ ಚೆಂಡು ಬೀಳುತ್ತದೆ, ಆದರೆ ಅವನ ಔಟು ಔಟಲ್ಲ. ಈ ಮಾತನ್ನು ಹೇಳುವ ಹೊತ್ತನ್ನು ಗಮನಿಸಬೇಕು. ಅದು ಆಟ ಶುರುವಾಗುವ ಮುಂಚೆ, ಎಲ್ಲರ ಎದುರು, ಎಲ್ಲರ ಒಪ್ಪಿಗೆಯಿಂದ ಆಗುವ ತೀರ್ಮಾನ. ಅದರ ಉದ್ದೇಶ ಚಿಕ್ಕವನನ್ನು ಕಾಪಾಡುವುದು. "ಆಟ ತಾನೇ" ಅನ್ನುವ ಮಾತು ಬರುವುದು ಎಲ್ಲ ಮುಗಿದ ಮೇಲೆ, ಹೊಡೆದವನೊಬ್ಬನ ಬಾಯಿಂದ, ಅವನನ್ನೇ ಕಾಪಾಡಿಕೊಳ್ಳುವುದಕ್ಕೆ. ರಾಕ್ಷಸ, ಮಂತ್ರಗಳ ಕಾಲ್ಪನಿಕ ಲೋಕ ಕಟ್ಟಿ ಆಡುವ ಫ್ಯಾಂಟಸಿ ಆಟಗಳಲ್ಲಿ ನೀತಿಯ ಪ್ರಶ್ನೆಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ ಅಂತ ನನಗನ್ನಿಸುತ್ತದೆ. ಲೆಕ್ಕಕ್ಕೆ ಏನು ಸೇರುತ್ತದೆ, ಅದನ್ನು ಯಾರು ಯಾವಾಗ ತೀರ್ಮಾನಿಸಿದರು?

ಹಿಮದ ನಡುವಿನ ಕೆರೆ

2006ರ ಮಾರ್ಚ್. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ, ಸಾವಿರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟ ಬಂದು ಒಂದೂವರೆ ವರ್ಷವೂ ಆಗಿರಲಿಲ್ಲ. ಆ ಆಟದ ಲೋಕದ ಒಂದೊಂದು ಪ್ರತಿಯನ್ನೂ ಸರ್ವರ್ ಅನ್ನುತ್ತಾರೆ, ಅದರಲ್ಲಿ ಹೋರ್ಡ್, ಅಲಯನ್ಸ್ ಎಂಬ ಎರಡು ವೈರಿ ಪಕ್ಷ. ಇಲ್ಲಿಡಾನ್ ಎಂಬ ಸರ್ವರಿನ ಹೋರ್ಡ್ ಪಕ್ಷದಲ್ಲಿ ಆಡುತ್ತಿದ್ದ ಒಬ್ಬಾಕೆ ನಿಜಜೀವನದಲ್ಲಿ ತೀರಿಕೊಂಡರು. ಜೊತೆಗೆ ಆಡುತ್ತಿದ್ದವರಲ್ಲಿ ಹೆಚ್ಚಿನವರು ಅವರ ಮುಖವನ್ನು ಎಂದೂ ನೋಡಿದವರಲ್ಲ, ಊರಿಗೆ ಹೋಗಿ ಮಣ್ಣು ಹಾಕಿ ಬರುವ ಸ್ಥಿತಿಯಲ್ಲಿ ಇದ್ದವರೂ ಅಲ್ಲ. ಹಾಗಾಗಿ ಆಟದೊಳಗೇ ಸೇರೋಣ ಎಂದುಕೊಂಡರು. ಆಕೆಗೆ ಮೀನು ಹಿಡಿಯುವುದು ಇಷ್ಟ, ಹಿಮ ಇಷ್ಟ. ವಿಂಟರ್‌ಸ್ಪ್ರಿಂಗ್ ಎಂಬ ಹಿಮದ ಸೀಮೆಯ ಕೆರೆ ದಂಡೆಯನ್ನು ಆರಿಸಿದರು. ದಿನ, ಹೊತ್ತು, ಜಾಗ ಎಲ್ಲವನ್ನೂ ಸರ್ವರಿನ ಫೋರಂನಲ್ಲಿ ಬರೆದು, ದಯವಿಟ್ಟು ತೊಂದರೆ ಕೊಡಬೇಡಿ ಎಂದು ಕೇಳಿಕೊಂಡರು. ಅಂದು ಕೆರೆ ದಂಡೆಯಲ್ಲಿ ಸಾಲಾಗಿ ನಿಂತಿದ್ದವರ ಮೇಲೆ ಎದುರು ಪಕ್ಷ ಅಲಯನ್ಸಿನ ಸೆರೆನಿಟಿ ನೌ ಎಂಬ ಗಿಲ್ಡ್ (ಆಟಗಾರರ ಕಾಯಂ ತಂಡ) ಮುಗಿಬಿದ್ದು ಎಲ್ಲರನ್ನೂ ಕೊಂದಿತು. ಕೊಂದದ್ದನ್ನು ವಿಡಿಯೊ ಮಾಡಿ, ಹಿನ್ನೆಲೆ ಸಂಗೀತ ಕೂಡಿಸಿ ಹರಿಯಬಿಟ್ಟಿತು.

ಈ ಪ್ರಸಂಗವನ್ನು ಇಪ್ಪತ್ತು ವರ್ಷಗಳಿಂದ ಇಂಟರ್‌ನೆಟ್ ಮತ್ತೆ ಮತ್ತೆ ಎತ್ತಿಕೊಂಡು ವಾದ ಮಾಡಿದೆ. ಎರಡೂ ಕಡೆಯವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಆಟದ ಒಳಗಿನ ಕೆಲವು ವಿವರಗಳನ್ನು, ವಿಷಯ ಇರುವುದೇ ಅಲ್ಲಿ. ಒಂದು: ಇಲ್ಲಿಡಾನ್ ಆಗ ಪಿವಿಪಿ ಸರ್ವರ್, ಅಂದರೆ ಆಟಗಾರರು ಆಟಗಾರರನ್ನೇ ಹೊಡೆಯಬಹುದಾದದ್ದು. ಅಲ್ಲಿ ಪಾತ್ರ ಮಾಡುವಾಗಲೇ, ವಿಂಟರ್‌ಸ್ಪ್ರಿಂಗಿನಂಥ ಸೀಮೆಗಳಲ್ಲಿ ಎದುರು ಪಕ್ಷದವರು ಯಾವಾಗ ಬೇಕಾದರೂ ಹೊಡೆಯಬಹುದು ಎಂಬುದನ್ನು ಒಪ್ಪಿಯೇ ಒಳಗೆ ಹೋಗಬೇಕಿತ್ತು. ಎರಡು: ಆಗ ಹೋರ್ಡ್ ಮತ್ತು ಅಲಯನ್ಸ್ ಪರಸ್ಪರ ಮಾತಾಡುವಂತಿರಲಿಲ್ಲ. ಹೋರ್ಡಿನ ಒಬ್ಬ ಓರ್ಕ್ ಏನು ಟೈಪ್ ಮಾಡಿದರೂ ಅಲಯನ್ಸಿನ ಮನುಷ್ಯಪಾತ್ರದವನಿಗೆ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತಿತ್ತು. ನಗುವಿನ 'ಲೋಲ್' ಕೂಡ ಆಚೆ ಬದಿಗೆ 'ಕೆಕ್' ಎಂದು ಹೋಗುತ್ತಿತ್ತು. ಕೈಬೀಸುವುದು, ನಮಸ್ಕರಿಸುವುದು ಮುಂತಾದ ಅಭಿನಯಗಳಷ್ಟೇ ಗೋಡೆ ದಾಟುತ್ತಿದ್ದವು. ಅಂದರೆ "ಇವತ್ತು ಬೇಡ, ನಮ್ಮವರೊಬ್ಬರು ಹೋಗಿಬಿಟ್ಟಿದ್ದಾರೆ" ಅನ್ನಲು ಆಟದೊಳಗೆ ದಾರಿಯೇ ಇರಲಿಲ್ಲ. ಆಟದ ಹೊರಗೆ ನಿಂತೇ ಕೇಳಬೇಕಿತ್ತು, ಅವರು ಹಾಗೆಯೇ ಕೇಳಿದರು. ಅದನ್ನು ಓದಿದ್ದರಿಂದಲೇ ದಾಳಿಯವರಿಗೆ ಜಾಗವೂ ಹೊತ್ತೂ ಗೊತ್ತಾದದ್ದು.

ಮೂರನೆಯದು ನನ್ನನ್ನು ಹೆಚ್ಚು ಕಾಡುವ ವಿವರ. ಆ ಆಟದಲ್ಲಿ ರಾಕ್ಷಸನ ಕೈಲಿ ಸತ್ತರೆ ನಿಮ್ಮ ಕವಚ, ಆಯುಧಗಳು ನೂರಕ್ಕೆ ಹತ್ತರಷ್ಟು ಸವೆಯುತ್ತವೆ, ರಿಪೇರಿಗೆ ದುಡ್ಡು ಖರ್ಚು. ಇನ್ನೊಬ್ಬ ಆಟಗಾರನ ಕೈಲಿ ಸತ್ತರೆ ಅಷ್ಟೂ ಇಲ್ಲ. ದೆವ್ವವಾಗಿ ಮಸಣದಲ್ಲಿ ಏಳುತ್ತೀರಿ, ಕೆಲವು ನಿಮಿಷ ಓಡಿ ನಿಮ್ಮ ಹೆಣದ ಹತ್ತಿರ ಬಂದು ಗುಂಡಿ ಒತ್ತುತ್ತೀರಿ, ಮುಗಿಯಿತು. ಹಾಗಾಗಿ ಆಟವನ್ನು ನಡೆಸುವ ಕಂಪ್ಯೂಟರ್ ಕೋಡಿನ ಲೆಕ್ಕದಲ್ಲಿ ಆ ದಿನ ಕೆರೆ ದಂಡೆಯಲ್ಲಿ ಆದ ನಷ್ಟ ಸೊನ್ನೆ. ಬೆಳಿಗ್ಗೆ ಇದ್ದ ಅಂಕಿಯೇ ಸಂಜೆಗೂ ಇತ್ತು. ಆದರೂ ನಿಂತವರು ಏನನ್ನೋ ಕಳೆದುಕೊಂಡರು, ಹೊಡೆದವರಿಗೂ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ವಿಡಿಯೊ ಮಾಡುವ ಕಾರಣವೇ ಇರಲಿಲ್ಲ. ಅದೇ ಕೆರೆಯ ಬಳಿ ಮಾಮೂಲಿ ದಿನದಲ್ಲಿ ನಲವತ್ತು ಜನರನ್ನು ಕೊಂದ ವಿಡಿಯೊವನ್ನು ಯಾರು ನೋಡುತ್ತಿದ್ದರು? ಆ ವಿಡಿಯೊಗೆ ಬೆಲೆ ಬಂದದ್ದು ಅಲ್ಲಿ ನಿಂತವರ ದುಃಖ ನಿಜವಾದದ್ದರಿಂದ. ನಿಜವನ್ನು ಬಂಡವಾಳ ಮಾಡಿಕೊಂಡವನು ಆಮೇಲೆ "ಆಟ ತಾನೇ" ಅನ್ನುವಂತಿಲ್ಲ.

ಮಕ್ಕಳ ಆಟದಲ್ಲಿ "ಟೈಂ ಪ್ಲೀಸ್" ಇರುತ್ತದೆ. ಚಪ್ಪಲಿ ಹರಿದರೆ, ಕಾಲಿಗೆ ಮುಳ್ಳು ಚುಚ್ಚಿದರೆ, ಅಮ್ಮ ಕರೆದರೆ, ಕೈ ಎತ್ತಿ ಹೇಳಿದರೆ ಸಾಕು, ಅಟ್ಟಿಸಿಕೊಂಡು ಬರುವವನು ನಿಲ್ಲುತ್ತಾನೆ. ಯಾವ ನಿಯಮಪುಸ್ತಕದಲ್ಲೂ ಅದಿಲ್ಲ. ಅದಿಲ್ಲದೆ ಯಾವ ಆಟವೂ ಒಂದು ಸಂಜೆಗಿಂತ ಹೆಚ್ಚು ಬಾಳುವುದಿಲ್ಲ. ಫೋರಂನಲ್ಲಿ ಬರೆದದ್ದು ಅಂಥದೊಂದು ಟೈಂ ಪ್ಲೀಸ್. ಪಿವಿಪಿ ಸರ್ವರಿಗೆ ಒಪ್ಪಿದ್ದಾರೆ ಅನ್ನುವ ವಾದ ಸುಳ್ಳಲ್ಲ. ಅವರು ಯುದ್ಧಕ್ಕೆ ಒಪ್ಪಿದ್ದರು. ಅಶ್ವತ್ಥಾಮ ರಾತ್ರಿ ಶಿಬಿರಕ್ಕೆ ನುಗ್ಗಿದಾಗ ಮಲಗಿದ್ದವರೂ ಯುದ್ಧಕ್ಕೆ ಒಪ್ಪಿಯೇ ಬಂದವರು. ಒಪ್ಪಿಗೆ ಯುದ್ಧಕ್ಕೆ ಇತ್ತು, ನಿದ್ದೆಗೆ ಇರಲಿಲ್ಲ ಅನ್ನುವುದನ್ನು ನಮ್ಮ ಅಜ್ಜಿಯಂದಿರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದರ ಪಕ್ಕದಲ್ಲಿ ಅದೇ ವರ್ಷ ಜೂನ್‌ನಲ್ಲಿ ರೂನ್‌ಸ್ಕೇಪ್ ಆಟದ ಫಲಾಡೋರ್ ಪಟ್ಟಣದಲ್ಲಿ ನಡೆದದ್ದನ್ನು ಇಟ್ಟು ನೋಡಬೇಕು. ಅಲ್ಲಿ ಒಬ್ಬರನ್ನೊಬ್ಬರು ಹೊಡೆಯುವುದು ವೈಲ್ಡರ್‌ನೆಸ್ ಎಂಬ ಪಾಳು ಸೀಮೆಯಲ್ಲೋ ಅದಕ್ಕೆಂದೇ ಮಾಡಿದ ಕಣಗಳಲ್ಲೋ ಮಾತ್ರ ಸಾಧ್ಯವಿತ್ತು, ಪಟ್ಟಣಗಳು ಸುರಕ್ಷಿತವಾಗಿದ್ದವು. ಒಬ್ಬ ಆಟಗಾರನ ಮನೆಯ ಸಮಾರಂಭದಲ್ಲಿ ಜನ ಹೆಚ್ಚಾಗಿ, ಮನೆಯೊಳಗಿನ ಕಾಳಗದ ಕಣದಲ್ಲಿದ್ದವರನ್ನು ಹೊರಹಾಕಿದಾಗ, ಕೆಲವರಿಗೆ ಹೊರಗೂ ಹೊಡೆಯುವ ಶಕ್ತಿ ಉಳಿದುಬಿಟ್ಟಿತು. ಅವರಲ್ಲೊಬ್ಬ ಪಟ್ಟಣದ ಬೀದಿಗೆ ಬಂದು ಸುಮಾರು ಒಂದು ಗಂಟೆ ಕೊಲ್ಲುತ್ತಾ ಹೋದ. ತಿರುಗಿ ಹೊಡೆಯಲು ಉಳಿದವರಿಗೆ ಆಗುತ್ತಿರಲಿಲ್ಲ. ಆ ಆಟದಲ್ಲಿ ಆಗ ಸತ್ತವನ ಸಾಮಾನು ನೆಲಕ್ಕೆ ಬೀಳುತ್ತಿತ್ತು, ಕೊಂದವನು ಬಾಚಿಕೊಳ್ಳುತ್ತಿದ್ದ. 2001ರ ಕ್ರಿಸ್‌ಮಸ್‌ಗೆ ಒಮ್ಮೆ ಕೊಟ್ಟು ಮತ್ತೆಂದೂ ಕೊಡದ ಪಾರ್ಟಿ ಹ್ಯಾಟ್ ಕೂಡ ಹೀಗೆ ಕೈಬದಲಾಯಿತು. ಅವನನ್ನು ಕಂಪನಿ ಆಟದಿಂದ ಹೊರಹಾಕಿತು. ಎಲ್ಲರೂ ಸರಿ ಎಂದರು, ಯಾಕೆಂದರೆ ಅದು ಬಗ್, ಕೋಡಿನಲ್ಲಿ ನುಸುಳಿದ ದೋಷ. ವಿಂಟರ್‌ಸ್ಪ್ರಿಂಗಿನಲ್ಲಿ ಬಗ್ ಇರಲಿಲ್ಲ. ನಿಯಮವೇ ಬಿಟ್ಟಿತ್ತು. ಫಲಾಡೋರಿನಲ್ಲಿ ಹೋದದ್ದು ಸಾಮಾನು, ಅದನ್ನು ಅಂಕಿಯಲ್ಲಿ ಹೇಳಬಹುದಾದ್ದರಿಂದ ತಪ್ಪೆನ್ನುವುದು ಸುಲಭವಾಯಿತು. ಕೆರೆ ದಂಡೆಯಲ್ಲಿ ಹೋದದ್ದಕ್ಕೆ ಅಂಕಿಯಿಲ್ಲ.

ಗುಣಗಳಿಗೆ ಅಂಕ ಕೊಟ್ಟಾಗ

ಹಾಗಾದರೆ ಗುಣಗಳಿಗೂ ಅಂಕಿ ಕೊಟ್ಟುಬಿಟ್ಟರೆ? ಅದನ್ನು ಮೊದಲು ಮನಸ್ಸಿಟ್ಟು ಮಾಡಿನೋಡಿದವರು ಆಟಗಳನ್ನು ರೂಪಿಸುವ ರಿಚರ್ಡ್ ಗ್ಯಾರಿಯಟ್. 1985ರಲ್ಲಿ ಬಂದ ಅವರ ನಾಲ್ಕನೆಯ ಅಲ್ಟಿಮಾ ಆಟದ ಕೊನೆಯಲ್ಲಿ ಕೊಲ್ಲಬೇಕಾದ ಮಹಾರಾಕ್ಷಸನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ರೂಢಿಸಿಕೊಂಡು 'ಅವತಾರ' ಆಗುವುದೇ ಗುರಿ. ಪದ ನಮ್ಮದೇ. ಪ್ರತಿ ಗುಣಕ್ಕೂ ಒಂದು ಗುಡಿ, ಒಂದು ಮಂತ್ರ. ಅಧ್ಯಾತ್ಮದ ಗುಡಿಯ ಮಂತ್ರ 'ಓಂ'. ಆ ಆಟದಲ್ಲಿ ಮಂತ್ರಕ್ಕೆ ಬೇಕಾದ ಬೆಳ್ಳುಳ್ಳಿ, ಜಿನ್ಸೆಂಗ್, ಗಂಧಕದ ಬೂದಿ ಮಾರುವ ಅಂಗಡಿಯಾಕೆಗೆ ಕಣ್ಣು ಕಾಣುವುದಿಲ್ಲ. ಬೆಲೆ ಹೇಳುತ್ತಾಳೆ, ಎಷ್ಟು ಕೊಡುತ್ತೀರಿ ಎಂಬುದನ್ನು ನೀವೇ ಟೈಪ್ ಮಾಡಬೇಕು. ಅರವತ್ತರ ಜಾಗದಲ್ಲಿ ಒಂದು ಎಂದು ಒತ್ತಿದರೂ ಸಾಮಾನು ಕೈಗೆ ಬರುತ್ತದೆ, ಯಾರೂ ಗದರುವುದಿಲ್ಲ. ಎಷ್ಟೋ ಗಂಟೆಗಳ ನಂತರ ಗುಡಿಯ ಮುಂದೆ ಧ್ಯಾನಕ್ಕೆ ಕೂತಾಗ ಪ್ರಾಮಾಣಿಕತೆಯ ಬಾಗಿಲು ತೆರೆಯುವುದಿಲ್ಲ. ಆಗ ಆ ಅಂಗಡಿ ನೆನಪಾಗುತ್ತದೆ. ಅಪರಾಧಕ್ಕೂ ಫಲಕ್ಕೂ ನಡುವೆ ಅಷ್ಟು ದೂರ ಇಟ್ಟದ್ದು ಎಂಥ ಸೂಕ್ಷ್ಮ ಕೆಲಸ ಅಂತ ನಾನು ಈಗಲೂ ಬೆರಗಾಗುತ್ತೇನೆ.

ಆದರೆ ಅಂಕ ಇದ್ದಲ್ಲಿ ಅಂಕಕ್ಕಾಗಿ ಓದುವವರೂ ಇರುತ್ತಾರೆ. ಭಿಕ್ಷುಕನಿಗೆ ಎಷ್ಟು ಕೊಟ್ಟಿರಿ ಎಂಬುದಕ್ಕಿಂತ ಕೊಟ್ಟಿರಿ ಎಂಬುದಷ್ಟೇ ಮುಖ್ಯವಾದ್ದರಿಂದ, ಒಂದೊಂದೇ ನಾಣ್ಯವನ್ನು ಹತ್ತಾರು ಸಲ ಹಾಕಿ ಕರುಣೆಯನ್ನು ತುಂಬಿಸಿಕೊಳ್ಳಬಹುದು ಎಂದು ಆಟಗಾರರು ಬೇಗ ಕಂಡುಕೊಂಡರು. ಒಬ್ಬರೇ ಆಡುವ ಆಟದಲ್ಲಿ ಇದರಿಂದ ಯಾರಿಗೂ ನೋವಿಲ್ಲ. ಅದೇ ಲೋಕವನ್ನು 1997ರಲ್ಲಿ ಅಲ್ಟಿಮಾ ಆನ್‌ಲೈನ್ ಎಂದು ಸಾವಿರಾರು ಜನರಿಗೆ ತೆರೆದಾಗ ಕಥೆ ಬೇರೆಯಾಯಿತು. ಪರೀಕ್ಷಾರ್ಥ ಆವೃತ್ತಿಯಲ್ಲೇ, ಆಗಸ್ಟ್ ತಿಂಗಳಲ್ಲಿ, ಗ್ಯಾರಿಯಟ್ ಅವರದೇ ಪಾತ್ರವಾದ ರಾಜ ಲಾರ್ಡ್ ಬ್ರಿಟಿಷ್ ಕೋಟೆಯ ಮೇಲೆ ನಿಂತು ಪ್ರಜೆಗಳೊಡನೆ ಮಾತಾಡುತ್ತಿದ್ದಾಗ ಒಬ್ಬ ಆಟಗಾರ ಬೆಂಕಿಯ ಮಂತ್ರ ಎಸೆದ, ರಾಜ ಸತ್ತುಬಿದ್ದ. ಸರ್ವರ್ ಕುಸಿದು ಮತ್ತೆ ಎದ್ದ ಮೇಲೆ ರಾಜನ ಅಮರತ್ವದ ಗುಂಡಿಯನ್ನು ಮತ್ತೆ ಹಾಕಲು ಮರೆತಿದ್ದರು.

ನಂತರ ಕೊಲೆಗಾರರ ಕಾಟ ಎಷ್ಟಾಯಿತೆಂದರೆ ಊರ ಹೊರಗೆ ಗಣಿ ಅಗೆಯಲು ಹೋದ ಹೊಸಬ ತಿರುಗಿ ಬರುವುದು ಅದೃಷ್ಟದ ಮಾತಾಯಿತು. ಅದಕ್ಕೆ ಬಣ್ಣದ ಲೆಕ್ಕ ತಂದರು. ನಿರಪರಾಧಿಯ ಹೆಸರು ನೀಲಿ, ಸಣ್ಣ ಅಪರಾಧಿಯದು ಬೂದು, ಐದು ಕೊಲೆಗಳ ದೂರು ಬಿದ್ದವನದು ಕೆಂಪು. ಕೆಂಪು ಹೆಸರಿನವನು ಊರೊಳಗೆ ಕಾಲಿಟ್ಟರೆ ಕಾವಲುಗಾರರು ಕೊಲ್ಲುತ್ತಾರೆ. ಕೇಳಲು ಚೆನ್ನಾಗಿದೆ. ಏನಾಯಿತೆಂದರೆ, ಕೊಲೆಗಾರರು ನಾಲ್ಕಕ್ಕೆ ನಿಲ್ಲಿಸಿ ಲೆಕ್ಕ ಕರಗುವವರೆಗೆ ಕಾದರು. ಆಟ ತೆರೆದಿಟ್ಟು ಮಲಗಿದರೂ ಹೊತ್ತು ಕಳೆಯುತ್ತಿತ್ತಲ್ಲ. ಬೂದು ಹೆಸರಿನವನಿಗೆ ಮದ್ದು ಹಾಕಿದವನೂ ಬೂದಾಗುತ್ತಾನೆ ಎಂಬ ನಿಯಮವಿತ್ತು. ಅದನ್ನು ಹಿಡಿದುಕೊಂಡು, ಬೇಕೆಂದೇ ಗಾಯಗೊಂಡು ಬಿದ್ದವನಂತೆ ನಟಿಸಿ, ಮರುಗಿ ಮದ್ದು ಹಾಕಲು ಬಂದವನನ್ನು ಗುಂಪು ಸೇರಿ ಕೊಂದರು. ಬೂದು ಹೆಸರಿನವನನ್ನು ಕೊಂದರೆ ಕೊಲೆಯ ಲೆಕ್ಕ ಬೀಳುವುದಿಲ್ಲ. ನೀತಿಯನ್ನು ಅಳೆಯಲು ತಂದ ಅಳತೆಗೋಲೇ ಕರುಣೆಯುಳ್ಳವರನ್ನು ಹಿಡಿಯುವ ಬಲೆಯಾಯಿತು. ಕೊನೆಗೆ 2000ದಲ್ಲಿ ಇಡೀ ಜಗತ್ತಿನ ಇನ್ನೊಂದು ಪ್ರತಿ ಮಾಡಿ, ಟ್ರಾಮೆಲ್ ಎಂದು ಹೆಸರಿಟ್ಟು, ಅಲ್ಲಿ ಒಪ್ಪಿಗೆಯಿಲ್ಲದೆ ಹೊಡೆಯುವುದೇ ಆಗದಂತೆ ಮಾಡಿದರು. ಜನ ಅಲ್ಲಿಗೆ ಗುಳೆ ಹೋದರು, ಫೆಲುಕ್ಕಾ ಎಂಬ ಹಳೆಯ ಪ್ರತಿ ಖಾಲಿ ಹೊಡೆಯಿತು. ಟ್ರಾಮೆಲ್‌ನಲ್ಲಿ ಕೊಲೆಯಿರಲಿಲ್ಲ. ಆದರೆ ಕೊಲ್ಲಬಹುದಾಗಿದ್ದವನು ಕೈ ತಡೆದು ನಿಂತ ಘಳಿಗೆಯೂ ಅಲ್ಲಿ ಇರುವಂತಿರಲಿಲ್ಲ.

(ಲೆಕ್ಕದ ಹೊರಗೆ ಬರೀ ಕ್ರೌರ್ಯವಿದೆ ಎಂದು ತಿಳಿಯಬಾರದು. 2005ರ ಸೆಪ್ಟೆಂಬರ್ 13ರಂದು ವಾರ್‌ಕ್ರಾಫ್ಟ್‌ನಲ್ಲಿ ಹಕ್ಕಾರ್ ಎಂಬ ಬಾಸ್, ಅಂದರೆ ಗುಂಪು ಕಟ್ಟಿ ಕೊಲ್ಲಬೇಕಾದ ದೊಡ್ಡ ವೈರಿ, ಅಂಟಿಸುವ 'ಕೆಟ್ಟ ರಕ್ತ'ದ ಸೋಂಕು ಬೇಟೆಗಾರರ ಸಾಕುಪ್ರಾಣಿಗಳ ಮೂಲಕ ಅವನ ಬೀಡಿನಿಂದ ನಗರಗಳಿಗೆ ಬಂತು. ಕೆಲವೇ ಸೆಕೆಂಡಿಗೊಮ್ಮೆ 250ರಿಂದ 300 ಅಂಕ ಜೀವ ಇಳಿಯುತ್ತಿತ್ತು. ಹೊಸಬರು ಕ್ಷಣದಲ್ಲಿ ಸಾಯುತ್ತಿದ್ದರು. ಬೇಕೆಂದೇ ಹರಡಿದವರಿದ್ದರು, ಓಡಿಹೋದವರಿದ್ದರು. ಯಾರೂ ಕರೆಯದಿದ್ದರೂ ನಗರಕ್ಕೆ ಬಂದು ಗುರುತಿಲ್ಲದವರಿಗೆ ಚಿಕಿತ್ಸೆ ಕೊಡುತ್ತಾ ಸೋಂಕಿಗೆ ಸಿಕ್ಕಿಕೊಂಡ ವೈದ್ಯಪಾತ್ರಗಳೂ ಇದ್ದವು. ಇದಕ್ಕೆ ಅವರಿಗೆ ಒಂದು ಅಂಕವೂ ಸಿಗುತ್ತಿರಲಿಲ್ಲ. ಸಾಂಕ್ರಾಮಿಕ ರೋಗ ತಜ್ಞರು ಈ ಘಟನೆಯ ಬಗ್ಗೆ 2007ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು.)

ನಲವತ್ತು ಜನ, ಎರಡು ಸಾಮಾನು

ಕೊಲೆ, ಮೋಸ ಕಣ್ಣಿಗೆ ಬೀಳುವ ವಿಷಯಗಳು. ಈ ಆಟಗಳಲ್ಲಿ ನೀತಿಯ ನಿಜವಾದ ಶಾಲೆ ಲೂಟ್ ಹಂಚಿಕೆ, ಅಂದರೆ ಗೆದ್ದ ಸಾಮಾನಿನ ಹಂಚಿಕೆ. ವಾರ್‌ಕ್ರಾಫ್ಟ್‌ನಲ್ಲಿ ದೊಡ್ಡ ಗುಂಪು ಕಟ್ಟಿಕೊಂಡು ಮಾಡುವ ದಾಳಿಗೆ ರೇಡ್ ಅನ್ನುತ್ತಾರೆ. ಮೋಲ್ಟನ್ ಕೋರ್ ಎಂಬ ರೇಡಿಗೆ ನಲವತ್ತು ಜನ ಬೇಕು. ಹತ್ತು ಬಾಸ್‌ಗಳು. ಒಂದು ಬಾಸ್ ಸತ್ತರೆ ಸಿಗುವ ಒಳ್ಳೆಯ ಸಾಮಾನು ಹೆಚ್ಚಾಗಿ ಎರಡು. ಮೊದಲ ವರ್ಷಗಳಲ್ಲಿ ಎತ್ತಿಕೊಂಡ ಕೂಡಲೇ ಸಾಮಾನು ಆ ಪಾತ್ರಕ್ಕೆ ಅಂಟುತ್ತಿತ್ತು, ಮತ್ತೆ ಯಾರಿಗೂ ಕೊಡುವಂತಿರಲಿಲ್ಲ. ಆ ರೇಡ್ ಮತ್ತೆ ತೆರೆಯುವುದು ಮುಂದಿನ ವಾರವೇ. ಒಂದೊಂದು ಬಾಸ್ ಬಿದ್ದಾಗಲೂ ಮೂವತ್ತೆಂಟು ಜನ ಬರಿಗೈಲಿ ಉಳಿಯಬೇಕು, ಹಾಗೆ ಉಳಿದವರು ಮುಂದಿನ ವಾರವೂ ಬರಬೇಕು. ಇದನ್ನು ಹೇಗೆ ಹಂಚುತ್ತೀರಿ ಎಂಬುದಕ್ಕೆ ಕಂಪನಿ ಕೊಟ್ಟದ್ದು ನೂರರೊಳಗೆ ಒಂದು ಸಂಖ್ಯೆ ಬೀಳಿಸುವ ದಾಳ, 'ಬೇಕು', 'ಸಿಕ್ಕರೆ ಸರಿ', 'ಬೇಡ' ಎಂಬ ಮೂರು ಗುಂಡಿ, ಮತ್ತು ನಾಯಕನೇ ಹಂಚುವ ಮಾಸ್ಟರ್ ಲೂಟ್. ಉಳಿದದ್ದನ್ನು ಆಟಗಾರರೇ ಕಟ್ಟಿಕೊಂಡರು.

ದಾಳ ಎಲ್ಲರಿಗೂ ಸಮ. ಆದರೆ ಆರು ತಿಂಗಳು ಬಂದವನೂ ನಿನ್ನೆ ಬಂದವನೂ ಒಂದೇ ಆಗುತ್ತಾರೆ. ಅದಕ್ಕೆ ಡಿಕೆಪಿ. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಆಟದ ಗಿಲ್ಡ್‌ಗಳಲ್ಲಿ ನಾಗಫೆನ್, ವಾಕ್ಸ್ ಎಂಬ ಡ್ರ್ಯಾಗನ್‌ಗಳನ್ನು ಕೊಲ್ಲುವ ಕಾಲದಲ್ಲಿ ಹುಟ್ಟಿದ್ದರಿಂದ 'ಡ್ರ್ಯಾಗನ್ ಕೊಂದ ಅಂಕ' ಎಂದು ಆ ಹೆಸರು. ಬಾಸ್‌ಗೆ ಇಂತಿಷ್ಟು, ಸಮಯಕ್ಕೆ ಬಂದದ್ದಕ್ಕೆ ಇಂತಿಷ್ಟು ಅಂಕ. ಸಾಮಾನು ಬಿದ್ದಾಗ ಅಂಕದಲ್ಲಿ ಹರಾಜು ಕೂಗುತ್ತೀರಿ. ಶ್ರಮಕ್ಕೆ ತಕ್ಕ ಫಲ ಅನ್ನುವ ತತ್ವ. ಇದು ಕೆಡುವ ರೀತಿಗಳು ಗೊತ್ತಿರುವಂಥವೇ. ಹಳಬರು ಖರ್ಚು ಮಾಡದೆ ಗುಡ್ಡೆ ಹಾಕುತ್ತಾರೆ, ಹೊಸಬ ಎಷ್ಟು ವಾರ ಬಂದರೂ ಅವರನ್ನು ಮುಟ್ಟಲಾರ. ಮೂವರು ಮಂತ್ರವಾದಿಗಳು ಒಳಗೊಳಗೇ ಮಾತಾಡಿಕೊಂಡು ಒಬ್ಬರ ಮೇಲೊಬ್ಬರು ಕೂಗದೆ ನೂರರ ಸಾಮಾನನ್ನು ಒಂದಕ್ಕೆ ಎತ್ತುತ್ತಾರೆ. ಅಂಕ ಮುಗಿದ ವಾರ ಕೆಲವರು ಬರುವುದೇ ಇಲ್ಲ.

ಇದಕ್ಕೆ ಕಂಡುಕೊಂಡ ಒಂದು ಪರಿಹಾರ, ಮೊತ್ತ ಸೊನ್ನೆಯಾಗುವ ಡಿಕೆಪಿ. ಬಾಸ್‌ಗೆ ಅಂಕವೇ ಇಲ್ಲ. ಒಬ್ಬ ಎಂಬತ್ತು ಅಂಕಕ್ಕೆ ಸಾಮಾನು ತೆಗೆದುಕೊಂಡರೆ ಆ ಎಂಬತ್ತು ಅಲ್ಲಿದ್ದ ನಲವತ್ತು ಜನಕ್ಕೆ ಎರಡೆರಡಾಗಿ ಹಂಚಿಹೋಗುತ್ತದೆ. ಹರಾಜು ಚೀಟಿ ಹಾಕಿ ಗೊತ್ತಿರುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಕೂಗಿದವನು ಬಿಟ್ಟದ್ದು ಉಳಿದವರಿಗೆ ಡಿವಿಡೆಂಡ್. ಹಣದುಬ್ಬರ ನಿಂತಿತು. ಆದರೆ ಯಾರಿಗೂ ಬೇಡದ ಸಾಮಾನು ಬಿದ್ದ ರಾತ್ರಿ ಯಾರಿಗೂ ಅಂಕವಿಲ್ಲ, ಹೊಸ ಬಾಸ್ ಕಲಿಯಲು ಹತ್ತು ಸಲ ಸತ್ತ ರಾತ್ರಿಯೂ ಇಲ್ಲ. ಅದಕ್ಕಾಗಿ ಇಪಿಜಿಪಿ ಬಂತು. ಪಟ್ಟ ಶ್ರಮಕ್ಕೊಂದು ಅಂಕ, ಪಡೆದ ಸಾಮಾನಿಗೊಂದು ಅಂಕ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸರದಿ. ಶ್ರಮ 1000, ಸಾಮಾನು 500 ಇದ್ದವನದು 2. ಶ್ರಮ 600, ಸಾಮಾನು 200 ಇದ್ದವನದು 3, ಮುಂದಿನದು ಇವನಿಗೆ. ವಾರಕ್ಕೊಮ್ಮೆ ಎರಡನ್ನೂ, ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ, ಕರಗಿಸುತ್ತಾರೆ. ಹಾಗಾಗಿ ಹಳೆಯ ಶ್ರಮಕ್ಕಿಂತ ಹೊಸ ಶ್ರಮಕ್ಕೆ ತೂಕ ಹೆಚ್ಚು. ಇಲ್ಲಿ ಮರೆಯಬಾರದ ಒಂದಂಶ: ಎಲ್ಲರಿಗೂ ಒಂದು ಮೂಲ ಸಾಮಾನಂಕ ಇಡಲೇಬೇಕು. ಇಡದಿದ್ದರೆ ಏನೂ ಪಡೆಯದ ಹೊಸಬನ ಭಾಗಾಕಾರ ಸೊನ್ನೆಯಿಂದ ಆಗಿ, ಮೊದಲ ದಿನವೇ ಅವನು ಎಲ್ಲರ ಮುಂದೆ ನಿಲ್ಲುತ್ತಾನೆ.

ಇನ್ನು ಕೆಲವು ಗಿಲ್ಡ್‌ಗಳು ಅಂಕಗಳನ್ನೇ ಬಿಟ್ಟು ಮೂರೋ ಐದೋ ಜನರ ಪಂಚಾಯಿತಿ ಮಾಡಿದವು. ಯಾರಿಗೆ ಕೊಟ್ಟರೆ ಇಡೀ ಗುಂಪಿಗೆ ಬಲ ಬರುತ್ತದೋ ಅವರಿಗೆ. ಮೊದಲು ಹೊಡೆತ ತಿನ್ನುವ ಟ್ಯಾಂಕ್‌ಗೆ ಕವಚ, ಆಮೇಲೆ ಉಳಿದವರು. ಎಲ್ಲ ಪದ್ಧತಿಗಳಿಗಿಂತ ವೇಗವಾಗಿ ಮುಂದೆ ಹೋಗುವುದು ಇದೇ, ಎಲ್ಲಕ್ಕಿಂತ ಬೇಗ ಒಡೆಯುವುದೂ ಇದೇ. ಅಧಿಕಾರಿಯ ಗೆಳತಿಗೆ ಎರಡು ವಾರ ಸತತ ಸಾಮಾನು ಸಿಕ್ಕಿದರೆ ಸಾಕು, ಸರಿಯಾದ ಕಾರಣವಿದ್ದರೂ ನಂಬುವವರಿಲ್ಲ. ಪಂಚಾಯಿತಿ ಬಾಳಿಸಬೇಕಾದರೆ ಪ್ರತಿ ತೀರ್ಮಾನದ ಕಾರಣವನ್ನು ಅದೇ ರಾತ್ರಿ ಎಲ್ಲರಿಗೂ ಕಾಣುವಂತೆ ಬರೆದಿಡಬೇಕು, ಯಾರ ಸಾಮಾನಿನ ಮಾತು ಬಂತೋ ಅವರು ಆ ಮಾತಿನಿಂದ ಎದ್ದುಹೋಗಬೇಕು. ಹದಿನೇಳು ಹದಿನೆಂಟರ ಹುಡುಗರು ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿಕೊಂಡು ಸಮಾನತೆಯೋ, ಅರ್ಹತೆಯೋ, ಒಟ್ಟಾರೆ ಹಿತವೋ ಎಂದು ವಾದಿಸುವುದನ್ನು ಕೇಳಿ. ತತ್ವಶಾಸ್ತ್ರದ ಪುಸ್ತಕದಲ್ಲಿರುವ ಪ್ರಶ್ನೆಗಳೇ. ಇಲ್ಲಿ ಉತ್ತರ ತಪ್ಪಾದರೆ ಮುಂದಿನ ವಾರ ಜನ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕಂಪನಿ ಈ ಜಗಳವನ್ನೇ ನಿಲ್ಲಿಸಲು ನೋಡಿತು. 2018ರಲ್ಲಿ ಪ್ರತಿಯೊಬ್ಬರಿಗೂ ಕಂಪ್ಯೂಟರೇ ನೇರವಾಗಿ ಸಾಮಾನು ಕೊಡುವ ಪದ್ಧತಿಯನ್ನು ಕಡ್ಡಾಯ ಮಾಡಿತು. ಕದಿಯುವವರಿಲ್ಲ, ಪಕ್ಷಪಾತವಿಲ್ಲ. ಜೊತೆಗೆ "ಇದು ನನಗಿಂತ ನಿನಗೆ ಬೇಕು, ತಗೋ" ಎಂದು ಹೇಳುವ ಅವಕಾಶವೂ ಬಹುಮಟ್ಟಿಗೆ ಹೋಯಿತು. 2022ರಲ್ಲಿ ರೇಡ್‌ಗಳಿಗೆ ಗುಂಪಿನ ದಾಳವನ್ನು ಮರಳಿ ತಂದರು. ಇನ್ನೊಂದು ಕಡೆ, 2019ರಲ್ಲಿ ಹಳೆಯ ಆಟವನ್ನೇ ಕ್ಲಾಸಿಕ್ ಎಂದು ಮತ್ತೆ ತೆರೆದಾಗ ಜಿಡಿಕೆಪಿ ದೊಡ್ಡದಾಗಿ ಬೆಳೆಯಿತು. ಅಂಕದ ಬದಲು ಆಟದ ಚಿನ್ನದಲ್ಲೇ ಹರಾಜು, ಬಂದ ಚಿನ್ನವನ್ನು ಕೊನೆಗೆ ಎಲ್ಲರಿಗೂ ಸಮನಾಗಿ ಹಂಚುವುದು. ಬರಿಗೈಲಿ ಹೋಗುವವರೇ ಇಲ್ಲ, ನಂಬಿಕೆಯ ಅಗತ್ಯವೂ ಕಡಿಮೆ. ಆದರೆ ಚಿನ್ನ ಎಲ್ಲಿಂದ ಬರುತ್ತದೆ? ನಿಜವಾದ ದುಡ್ಡು ಕೊಟ್ಟು ಕಳ್ಳಸಂತೆಯಲ್ಲಿ ಕೊಂಡು. ಅಲ್ಲಿಗೆ ಚಿನ್ನ ತುಂಬಲು ಬಾಟ್‌ಗಳು, ಅಂದರೆ ಮನುಷ್ಯರಿಲ್ಲದೆ ತಾವೇ ಆಡುವ ಪ್ರೋಗ್ರಾಂಗಳು. 2024ರ ಆರಂಭದಲ್ಲಿ ಕ್ಲಾಸಿಕ್‌ನ ಒಂದು ವಿಶೇಷ ಸೀಸನ್‌ನಲ್ಲಿ ಕಂಪನಿ ಜಿಡಿಕೆಪಿಯನ್ನೇ ನಿಷೇಧಿಸಿತು. ನನಗೆ ಜಿಡಿಕೆಪಿ ಹಿಡಿಸುವುದಿಲ್ಲ. ಅದು ಅನ್ಯಾಯವೆಂದಲ್ಲ, ಹಂಚಿಕೆಯಲ್ಲಿ ಒಬ್ಬರಿಗೊಬ್ಬರು ಋಣಿಯಾಗುವ ಗಂಟನ್ನೇ ಅದು ಬಿಚ್ಚಿಬಿಡುತ್ತದೆ.

ಹೆಸರಿಗೆ ಎಷ್ಟು ಆಯುಸ್ಸು

ಮುಖ ಕಾಣದಿರುವುದರಿಂದಲೇ ಜನ ಇಂಟರ್‌ನೆಟ್ಟಿನಲ್ಲಿ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ ಎಂಬ ಮಾತು ಸುಲಭವಾಗಿ ಬರುತ್ತದೆ. 2010ರ ಜುಲೈ 6ರಂದು ವಾರ್‌ಕ್ರಾಫ್ಟ್ ನಡೆಸುವ ಬ್ಲಿಜಾರ್ಡ್ ಕಂಪನಿ ಇದನ್ನು ನಂಬಿ, ಇನ್ನು ಮುಂದೆ ತನ್ನ ಫೋರಂಗಳಲ್ಲಿ ಬರೆಯುವವರ ನಿಜ ಹೆಸರು ಕಾಣುತ್ತದೆ ಎಂದು ಪ್ರಕಟಿಸಿತು. ಇದರಲ್ಲಿ ಅಪಾಯವಿಲ್ಲವೆಂದು ತೋರಿಸಲು ಸಿಬ್ಬಂದಿಯೊಬ್ಬರು ತಮ್ಮ ನಿಜ ಹೆಸರು ಬರೆದರು. ನೋಡನೋಡುತ್ತಿದ್ದಂತೆ ಅವರ ಖಾಸಗಿ ವಿವರಗಳನ್ನು ಜನ ಹುಡುಕಿ ಹಾಕಿದರು. ಹೆಂಗಸರು, ಅಪರೂಪದ ಹೆಸರಿನವರು, ಹಿಂದೆ ಯಾರದೋ ಕಾಟ ಅನುಭವಿಸಿದ್ದವರು ದೊಡ್ಡ ದನಿಯಲ್ಲಿ ವಿರೋಧಿಸಿದರು. ಜುಲೈ 9ಕ್ಕೆ ಕಂಪನಿ ಹಿಂದೆ ಸರಿಯಿತು.

ಮೊದಲ ವರ್ಷಗಳ ವಾರ್‌ಕ್ರಾಫ್ಟ್ ಸರ್ವರುಗಳಲ್ಲಿ ಯಾರ ನಿಜ ಹೆಸರೂ ಯಾರಿಗೂ ಗೊತ್ತಿರಲಿಲ್ಲ, ಆದರೂ ನಾಚಿಕೆ ಇತ್ತು. ಪಾತ್ರದ ಹೆಸರು ಬದಲಾಯಿಸಲು ಆಗುತ್ತಿರಲಿಲ್ಲ, ಸರ್ವರ್ ಬಿಟ್ಟು ಹೋಗಲೂ ಆಗುತ್ತಿರಲಿಲ್ಲ. ಒಂದು ಸರ್ವರ್ ಅಂದರೆ ಒಂದು ಊರು. ಲೂಟ್ ಕದ್ದು ಓಡಿದವನ ಹೆಸರು ರಾತ್ರಿಯೊಳಗೆ ಎಲ್ಲ ಗಿಲ್ಡ್‌ಗಳಿಗೂ ತಲುಪುತ್ತಿತ್ತು, ಮರುದಿನ ಅವನಿಗೆ ಐದು ಜನರ ಗುಂಪು ಸಿಗುತ್ತಿರಲಿಲ್ಲ. ಜೊತೆಯವರ ಗಾಯ ಮಾಯಿಸುವ ಒಳ್ಳೆಯ ಹೀಲರ್ ಎಂಬ ಹೆಸರೂ ಹಾಗೆಯೇ ಹರಡುತ್ತಿತ್ತು. ಆಮೇಲೆ ದುಡ್ಡು ಕೊಟ್ಟರೆ ಸರ್ವರ್ ಬದಲಾಯಿಸಬಹುದಾಯಿತು, ಹೆಸರು ಬದಲಾಯಿಸಬಹುದಾಯಿತು. 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಬಂತು. ಗುಂಡಿ ಒತ್ತಿದರೆ ಬೇರೆ ಬೇರೆ ಸರ್ವರಿನ ಐದು ಜನ ಒಂದು ಗುಹೆಗೆ ಬಂದು ಬೀಳುತ್ತಾರೆ, ಅರ್ಧ ಗಂಟೆಯ ಮೇಲೆ ಬೇರೆಯಾಗುತ್ತಾರೆ, ಮತ್ತೆ ಜನ್ಮದಲ್ಲಿ ಭೇಟಿಯಿಲ್ಲ. ಗಂಟೆಗಟ್ಟಲೆ ಗುಂಪಿಗೆ ಕಾಯುವ ಕಷ್ಟ ತಪ್ಪಿತು, ಅದು ಸಣ್ಣ ಉಪಕಾರವಲ್ಲ. ಆದರೆ ಆ ಗುಹೆಯಲ್ಲಿ ಜನ ಮಾತಾಡುವುದನ್ನು ಬಿಟ್ಟರು. ಬೇಡದ ಸಾಮಾನಿಗೂ 'ಬೇಕು' ಒತ್ತುವುದು, ತಡವರಿಸುವ ಹೊಸಬನನ್ನು ಒಂದು ಮಾತೂ ಹೇಳದೆ ಮತ ಹಾಕಿ ಹೊರದಬ್ಬುವುದು ಮಾಮೂಲಿಯಾಯಿತು. ಅದೇ ಆಟ, ಅದೇ ಜನ, ಅದೇ ಅನಾಮಧೇಯತೆ. ಬದಲಾದದ್ದು ನಾಳೆ ಮತ್ತೆ ಸಿಗುತ್ತೇವೆ ಎಂಬುದೊಂದೇ. ನಿಜ ಹೆಸರಿಗಿಂತ, ಬಾಳುವ ಹೆಸರು ಮುಖ್ಯ. ಅಡ್ಡಹೆಸರೇ ಇರಲಿ, ಅದನ್ನು ಬಿಸುಟು ಓಡಲಾಗಬಾರದು.

ಮತ್ತೆ ಎದ್ದವರು

2023ರ ಆಗಸ್ಟ್‌ನಲ್ಲಿ ಕ್ಲಾಸಿಕ್‌ಗೆ ಹಾರ್ಡ್‌ಕೋರ್ ಎಂಬ ಸರ್ವರುಗಳು ಅಧಿಕೃತವಾಗಿ ಬಂದವು. ಅಲ್ಲಿ ಒಂದು ಸಲ ಸತ್ತರೆ ಸತ್ತಂತೆಯೇ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಕರೆಂಟ್ ಹೋಗಿ ಸತ್ತರೂ, ನೆಟ್ ಕೈಕೊಟ್ಟು ಸತ್ತರೂ ವಾಪಸು ಬರುವುದಿಲ್ಲ. ಕಂಪನಿಗೆ ಬರೆದು ಪ್ರಯೋಜನವಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಜನ ಅದನ್ನು ಒಪ್ಪಿಕೊಂಡೇ, ಆ ಕಟ್ಟುನಿಟ್ಟಿಗಾಗಿಯೇ ಬಂದರು. ಕೆರೆ ದಂಡೆಯಲ್ಲಿ ಸಾವಿಗೆ ಸೊನ್ನೆ ಬೆಲೆ ಇತ್ತಲ್ಲ, ಇಲ್ಲಿ ಪೂರ್ತಿ ಬೆಲೆ.

2025ರ ಮಾರ್ಚ್‌ನಲ್ಲಿ, ಓನ್ಲಿಫ್ಯಾಂಗ್ಸ್ ಎಂಬ ದೊಡ್ಡ ಗಿಲ್ಡ್ ನೇರ ಪ್ರಸಾರದಲ್ಲಿ ರೇಡ್ ಮಾಡುತ್ತಿದ್ದಾಗ ಯಾರೋ ಹೊರಗಿನಿಂದ ಸರ್ವರುಗಳ ಮೇಲೆ ಡಿಡಾಸ್ ದಾಳಿ ಮಾಡಿದರು. ಸುಳ್ಳು ದಟ್ಟಣೆಯಲ್ಲಿ ಸರ್ವರ್ ಉಸಿರುಗಟ್ಟಿತು, ಆಟಗಾರರ ಕೈಯಲ್ಲಿ ಪಾತ್ರಗಳು ನಿಶ್ಚಲವಾದವು, ಬಾಸ್ ಹೊಡೆಯುತ್ತಲೇ ಇತ್ತು. ದಾಳಿ ಮತ್ತೆ ಮತ್ತೆ ಆಯಿತು, ಪಾತ್ರಗಳು ಸತ್ತವು. ನಿಯಮದ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಸಂಪರ್ಕ ಕಡಿದು ಸತ್ತರೂ ಸಾವೇ ಎಂದು ಬರೆದಿತ್ತಲ್ಲ.

ಬ್ಲಿಜಾರ್ಡ್ ನಿಯಮವನ್ನು ಪಕ್ಕಕ್ಕಿಟ್ಟಿತು. ಈ ದಾಳಿಗಳಲ್ಲಿ ಸತ್ತ ಪಾತ್ರಗಳಿಗೆ ಮರಳಿ ಜೀವ ಕೊಡುತ್ತೇವೆ ಎಂದಿತು. ಮಾಮೂಲಿ ನೆಟ್ ತೊಂದರೆಗೆ ಇದು ಅನ್ವಯಿಸುವುದಿಲ್ಲ. ಇವು ಬೇರೆಯವರ ಆಟ ಕೆಡಿಸಲೆಂದೇ ಬೇಕೆಂದು ಮಾಡಿದ ದಾಳಿಗಳು, ಆದ್ದರಿಂದ ಬೇರೆ, ಎಂಬುದು ಅದು ಕೊಟ್ಟ ಕಾರಣ. ಕೋಡಿಗೆ ಈ ಭೇದ ಕಾಣುವುದಿಲ್ಲ. ಅದಕ್ಕೆ ಕಾಣುವುದು ಸಂಪರ್ಕ ತಪ್ಪಿತು, ಜೀವ ಸೊನ್ನೆಯಾಯಿತು ಎಂಬುದಷ್ಟೇ. ಆ ಸಾವು ಲೆಕ್ಕಕ್ಕಿಲ್ಲ ಎಂದು ಈ ಸಲ ಮನುಷ್ಯರು ಕೂತು ತೀರ್ಮಾನಿಸಿದರು. ಹೊಡೆದವನನ್ನು ಕಾಪಾಡಲು ಅಲ್ಲ, ಸತ್ತವರನ್ನು ಎಬ್ಬಿಸಲು. ಅವರು ಎದ್ದು ಬಂದರು.